ಅಮ್ಮ ಇಲ್ಲ

ಸಿನಿಮಾದವರು ಬಂದಾಗ ಟೈಲರಮ್ಮ ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು ಶಾಲೆಯ ಯೂನಿಫಾರ್ಮ್ ಲಂಗವೊಂದಕ್ಕೆ ನೆರಿಗೆ ಹಿಡಿಯುತ್ತಿದ್ದಳು. ಕಚ್ಚಿಕೊಂಡಿದ್ದೇ ಒಳ್ಳೆಯದಾಯಿತು. ಇಲ್ಲದಿದ್ದರೆ "ನಾನೇ ಅವಳಮ್ಮ, ಒಳಗೆ ಬನ್ನಿ" ಎಂದು ಆಗಲೇ ಹೇಳಿಬಿಡುತ್ತಿದ್ದಳು. ಆ ಬಾಯಿ ಯಾವ ಮಾತನ್ನೂ ಒಳಗಿಟ್ಟುಕೊಂಡ ಬಾಯಲ್ಲ.

ಬಂದವನು ನಿರ್ದೇಶಕ. ಕನ್ನಡಕವನ್ನು ಕುತ್ತಿಗೆಗೆ ನೇತುಹಾಕಿಕೊಂಡ, ಮೆತ್ತಗೆ ಮಾತಾಡುವ ಮನುಷ್ಯ. ಮನೆಯೂ ಅಂಗಡಿಯೂ ಆಗಿದ್ದ ಆ ಮುಂದಿನ ಕೋಣೆ, ಕಿಟಕಿ ಪಕ್ಕದ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದ ಮೇಜು ಎಲ್ಲವನ್ನೂ ಹಸಿದವನು ಊಟ ನೋಡುವ ಹಾಗೆ ನೋಡಿದ.

"ಅವರು ಹುಟ್ಟಿ ಬೆಳೆದ ಮನೆ ಇದೇ ಅಲ್ವಾ?"

"ಇದೇ, ಇದೇ!" ಟೈಲರಮ್ಮನ ಮಗ ಕತ್ತರಿ ಕೆಳಗಿಟ್ಟು ಓಡಿಬಂದ. ಹೆಸರುವಾಸಿ ಡಿಸೈನರ್ ಆದ ತಂಗಿಯ ವಿಷಯ ಯಾರು ಎತ್ತಿದರೂ ಅವನಿಗೆ ಅಂಗಿ ಬಿಗಿಯಾಗುತ್ತಿತ್ತು. "ಈ ಮೇಜಿನ ಕೆಳಗೇ ಅವಳು ಆಟ ಆಡ್ತಿದ್ದಿದ್ದು. ಕತ್ತರಿಸಿ ಬಿದ್ದ ಚೂರೆಲ್ಲ ಅವಳದೇ."

"ಅವರ ಬಾಲ್ಯದ ಮೇಲೆ ಸಿನಿಮಾ ಮಾಡ್ತಾ ಇದೀವಿ. ಸೆಟ್ ಹಾಕೋ ಬದಲು ಈ ಮನೇಲೇ ತೆಗೆಯೋಣ ಅಂತ ನನ್ನ ಆಸೆ. ನಿಮ್ಮ ಒಪ್ಪಿಗೆ ಇದ್ರೆ."

"ಧಾರಾಳವಾಗಿ! ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ!"

"ಅಮ್ಮ ಬದುಕಿರೋ ತನಕ ಒಂದು ಭಾಗ. ಅಮ್ಮ ತೀರ್ಕೊಂಡ ಮೇಲೆ ಒಂದು ಭಾಗ."

ಮಗನ ನಗು ಹಲ್ಲಿನ ಮೇಲೇ ಒಣಗಿತು. ಕೊಟ್ಟ ಮಾತನ್ನು ನುಂಗಲು ಅವನು ದಾರಿ ಹುಡುಕುತ್ತಿರುವಾಗಲೇ ನಿರ್ದೇಶಕ ಮೂಲೆಯಲ್ಲಿದ್ದ ಮುದುಕಿಯ ಕಡೆ ತಿರುಗಿದ. "ಇವರು?"

ಮಗ ಅಮ್ಮನನ್ನು ನೋಡಿದ. ಅಮ್ಮ ಮಗನನ್ನು ನೋಡಿದಳು.

"ಇವರು ನಮ್ಮ ದೊಡ್ಡಮ್ಮ," ಎಂದ ಮಗ. "ಅಮ್ಮನ ಅಕ್ಕ."

ಟೈಲರಮ್ಮನ ತುಟಿಗೆ ಸೂಜಿ ಚುಚ್ಚಿತು.

ಬದುಕಿದ್ದವಳು ಸತ್ತಿದ್ದು ಹೇಗೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಟೈಲರಮ್ಮನಿಗೆ ಯಾವ ರೋಗವೂ ಬಂದಿರಲಿಲ್ಲ. ಅವಳು ಸತ್ತಿದ್ದು ಒಂದು ಮಾತಿನಿಂದ. ಚೂರುಪಾರು ಬಟ್ಟೆ ಆಯುತ್ತಿದ್ದ ಮಗಳಿಗೆ ಮನೆಯಲ್ಲಿ ಚಿಂದಿ ಎಂದು ಹೆಸರು. ಆ ಚಿಂದಿ ಬೆಳೆದು ದೊಡ್ಡ ಊರಿಗೆ ಹೋಗಿ, ಮೊದಲ ಸಲ ತನ್ನ ಬಟ್ಟೆಗಳನ್ನು ದೊಡ್ಡ ವೇದಿಕೆಯ ಮೇಲೆ ತೋರಿಸಿದ ದಿನ, ಅಮ್ಮನ ಹಳೆಯ ಕಂದು ಕೋಟನ್ನು ಬಿಚ್ಚಿ ತಿರುವಿ ಹೊಲಿದ ಒಂದು ಕೋಟೂ ಅದರಲ್ಲಿತ್ತು. ಪತ್ರಿಕೆಯವಳೊಬ್ಬಳು ಇದು ಯಾರ ಕೋಟು ಎಂದು ಕೇಳಿದಳು. ಅಮ್ಮನದು ಎಂದಳು ಚಿಂದಿ. ಅಮ್ಮ ಎಲ್ಲಿ ಎಂದು ಪತ್ರಿಕೆಯವಳು ಸುತ್ತ ನೋಡಿದಳು. ಶಾಲೆ ತೆರೆಯುವ ಹೊತ್ತು, ಲಂಗಗಳ ರಾಶಿ ಬಿಟ್ಟು ಅಮ್ಮ ಬಂದಿರಲಿಲ್ಲ. ಆ ಬೇಜಾರಿನಲ್ಲಿ ಚಿಂದಿ ತಲೆ ತಗ್ಗಿಸಿ "ಅಮ್ಮ ಇಲ್ಲ" ಎಂದಳು.

ಮರುದಿನ ಪತ್ರಿಕೆಯಲ್ಲಿ ಬಂತು: ಇಲ್ಲದ ಅಮ್ಮನ ಕೋಟು. ಓದಿದವರೆಲ್ಲ ಕಣ್ಣೊರೆಸಿಕೊಂಡರು. ಚಿಂದಿ ಫೋನು ಮಾಡಿ ನಕ್ಕಳು, ಟೈಲರಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕು, "ನನ್ನ ಆಯಸ್ಸು ಗಟ್ಟಿಯಾಯ್ತು ಬಿಡೇ" ಎಂದಳು. ತಿದ್ದಿಸುತ್ತೇನೆ ಎಂದಿದ್ದ ಮಗಳು ತಿದ್ದಿಸಲಿಲ್ಲ. ಮುಂದಿನ ಸಂದರ್ಶನದಲ್ಲಿ ಅದೇ ಪ್ರಶ್ನೆ ಬಂದಾಗ ಸಂಕೋಚದಿಂದ ಸುಮ್ಮನಿದ್ದಳು. ಅದರ ಮುಂದಿನದರಲ್ಲಿ ಅಮ್ಮನಿಲ್ಲದ ಮನೆ ಹೇಗಿತ್ತು ಎಂದು ತಾನೇ ಹೇಳಿದಳು, ಚೆನ್ನಾಗಿಯೇ ಹೇಳಿದಳು. ಆ ಕೋಟಿನಿಂದ ಹೆಸರು ಬಂತು. ಹೆಸರಿನ ಜೊತೆಗೆ ಸತ್ತ ಅಮ್ಮನೂ ಅಂಟಿಕೊಂಡು ಬಂದಳು. ಬದುಕಿದ್ದ ಅಮ್ಮನನ್ನು ನೋಡಲು ಮಗಳು ಈಗ ವರ್ಷಕ್ಕೊಮ್ಮೆ ಕಪ್ಪು ಕನ್ನಡಕ ಹಾಕಿಕೊಂಡು ಹಿತ್ತಲ ಬಾಗಿಲಿನಿಂದ ಬರುತ್ತಿದ್ದಳು.

ಆ ಸಂಜೆ ಊಟದ ಮೇಜಿನ ಮೇಲೆ ಬೇಯಿಸಿದ ಆಲೂಗಡ್ಡೆ ಆರುತ್ತಿತ್ತು. ಯಾರೂ ಕೈ ಹಾಕಿರಲಿಲ್ಲ. ಚಿಂದಿ ಫೋನಿನಲ್ಲಿ ಅಳುತ್ತಿದ್ದಳು.

"ಅವರು ಸೆಟ್ ಹಾಕ್ತಾರೆ ಅಂದ್ಕೊಂಡಿದ್ದೆ ಅಮ್ಮ. ಮನೆ ಹುಡ್ಕೊಂಡು ಬರ್ತಾರೆ ಅಂತ ನಂಗೇನು ಗೊತ್ತು? ಈಗ ಬೇಡ ಅಂದ್ರೆ ಯಾಕೆ ಅಂತಾರೆ. ಗೊತ್ತಾದ್ರೆ ನನ್ನ ಕಥೆ ಮುಗೀತು. ತಾಯಿನ ಸಾಯಿಸಿ ಹೆಸರು ಮಾಡಿದ್ಳು ಅಂತಾರೆ."

"ಅಂತಾರೆ," ಎಂದಳು ಟೈಲರಮ್ಮ. "ಅದು ಸುಳ್ಳೇನಲ್ಲವಲ್ಲ."

"ಅಮ್ಮಾ!"

"ಆಯ್ತು, ಅಳ್ಬೇಡ. ನಾನೇನು ಬೀದೀಲಿ ನಿಂತು ಬದುಕಿದೀನಿ ಅಂತ ಡಂಗುರ ಹೊಡೀತೀನಾ?"

ಫೋನು ಇಟ್ಟ ಮೇಲೆ ಸೊಸೆ ಆಲೂಗಡ್ಡೆಯ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. ಸೊಸೆ ಮನೆ ನಡೆಸುವವಳು, ಸುತ್ತಿಬಳಸಿ ಮಾತಾಡಿ ಗೊತ್ತಿಲ್ಲ. "ಅತ್ತೆ, ಸಿನಿಮಾ ಮುಗಿಯೋ ತನಕ ನಿಮ್ಮ ತಮ್ಮನ ಮನೆಗೆ ಹೋಗಿಬಿಡಿ."

"ಯಾರ ಮನೆ ಬಿಟ್ಟು ಯಾರು ಹೋಗೋದು? ಶಾಲೆ ತೆರೆಯೋ ಹೊತ್ತು. ಇಷ್ಟು ಲಂಗ ಯಾರು ಹೊಲೀತಾರೆ, ಸತ್ತವಳು ಎದ್ದು ಬಂದು ಹೊಲೀತಾಳಾ?"

"ಹೋದ್ರೂ ಪ್ರಯೋಜನ ಇಲ್ಲ," ಎಂದ ಮಗ, ತಟ್ಟೆ ನೋಡುತ್ತ. "ಅವರು ದೊಡ್ಡಮ್ಮನ್ನ ನೋಡಾಯ್ತು. ನಾಳೆ ಬಂದು ದೊಡ್ಡಮ್ಮ ಎಲ್ಲಿ ಅಂದ್ರೆ?"

"ದೊಡ್ಡಮ್ಮ ಅಂತ ಹೇಳಿದ್ದು ಯಾರು?" ಎಂದಳು ಟೈಲರಮ್ಮ.

"ಮತ್ತಿನ್ನೇನು ಹೇಳ್ಲಿ? ಕೆಲಸದವಳು ಅನ್ಲಾ?"

"ಅನ್ನಬೇಕಿತ್ತು. ಅದಾದ್ರೂ ನಿಜ ಇರ್ತಿತ್ತು."

ಮೊಮ್ಮಗಳು ನಡುವೆ ಬಾಯಿ ಹಾಕಿದಳು. ಅತ್ತೆ ಚಿಂದಿಯ ಹತ್ತಿರ ಕೆಲಸ ಕಲಿಯಲು ಸದ್ಯದಲ್ಲೇ ಹೋಗುವವಳಿದ್ದಳು, ಈ ಗೊಂದಲದಲ್ಲಿ ಅದು ಎಲ್ಲಿ ಕೈತಪ್ಪುತ್ತದೋ ಎಂಬ ಚಿಂತೆ ಅವಳಿಗೆ. "ಅಜ್ಜಿ, ನಾನು ಹೇಳ್ಕೊಡ್ತೀನಿ, ಕಷ್ಟ ಏನಿಲ್ಲ. ಅಪ್ಪ ನಿನ್ನ ದೊಡ್ಡಮ್ಮ ಅಂತಾನೆ, ಅಮ್ಮ ದೊಡ್ಡತ್ತೆ ಅಂತಾಳೆ. ನಾನು ಅಜ್ಜಿ ಅಂತಲೇ ಅನ್ನಬಹುದು. ನೀನು ಸತ್ರೂ ಬದುಕಿದ್ರೂ ನಂಗೆ ಅಜ್ಜಿನೇ. ಎಲ್ಲಿ ಹೇಳು, ಸತ್ತವಳು ನಿಂಗೆ ಏನಾಗ್ಬೇಕು?"

"ನಾನೇ ಆಗ್ಬೇಕು."

"ಅಜ್ಜೀ!"

"ತಂಗಿ, ತಂಗಿ. ತಂಗಿ ಆಗ್ಬೇಕು. ಪಾಪ, ಒಳ್ಳೆಯವಳಿದ್ಳು."

ಸೊಸೆಗೂ ನಗು ಬಂತು. ಎಲ್ಲರೂ ನಕ್ಕರು, ಆಲೂಗಡ್ಡೆಯೂ ಖಾಲಿಯಾಯಿತು. ಆದರೆ ಪಾತ್ರೆ ತೊಳೆಯುವಾಗ ಟೈಲರಮ್ಮನ ಕೈಯಿಂದ ಒಂದು ತಟ್ಟೆ ಜಾರಿ ಒಡೆಯಿತು. ಅವಳ ಕೈಯಿಂದ ಯಾವತ್ತೂ ಏನೂ ಜಾರಿದ್ದಿಲ್ಲ.

ಅಲ್ಲಿಂದ ಭಯ ಆ ಮನೆಯಲ್ಲಿ ಬಾಡಿಗೆಗೆ ಬಂದು ಕೂತಿತು. ಸಿನಿಮಾದ ಕೆಲಸಗಾರರು ಬಂದು ಗೋಡೆ, ಕಿಟಕಿ, ಬಾಗಿಲು ಎಲ್ಲ ಅಳೆದರು. ಅವರು ಬರುವ ಮೊದಲೇ ಮನೆಯವರು ಗೋಡೆಯ ಫೋಟೋಗಳನ್ನು ಇಳಿಸಿಟ್ಟಿದ್ದರು. ತೀರಿಕೊಂಡಿದ್ದ ಯಜಮಾನನ ಫೋಟೋ ಮಾತ್ರ ಉಳಿಯಿತು, ಅವನು ನಿಜವಾಗಿಯೂ ಸತ್ತಿದ್ದನಲ್ಲ, ಅವನಿಗೇನು ಹೆದರಿಕೆ. ಕರೆಗಂಟೆ ಬಾರಿಸಿದರೆ ಮಗ ಕೂತಲ್ಲೇ ಬೆಚ್ಚುತ್ತಿದ್ದ. ಸೊಸೆ ಮಾತಿಗೆ ಮೊದಲು ಒಂದು ಕ್ಷಣ ತಡೆದು ಲೆಕ್ಕ ಹಾಕುತ್ತಿದ್ದಳು. ಟೈಲರಮ್ಮ ಬೇಕೆಂದೇ ಬಾಯಿಗೆ ಸೂಜಿ ತುಂಬಿಕೊಂಡು ಕೂರುತ್ತಿದ್ದಳು.

ಬೀದಿಯಲ್ಲಿ ಹಳಬರೆಲ್ಲ ಮನೆ ಮಾರಿ ಹೋಗಿದ್ದರು. ಉಳಿದಿದ್ದವನು ಎದುರಿನ ಗುಂಡಿ ಅಂಗಡಿಯ ಮುದುಕ ಒಬ್ಬನೇ. ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಆದ್ದರಿಂದ ಬೇರೆಯವರಿಗೂ ಕೇಳುವುದಿಲ್ಲ ಎಂದುಕೊಂಡು ಕೂಗಿ ಮಾತಾಡುತ್ತಿದ್ದ. ಒಂದು ಬೆಳಿಗ್ಗೆ ಬಿಳಿ ಗುಂಡಿಗಳ ಪೊಟ್ಟಣ ಹಿಡಿದುಕೊಂಡು, ಕೆಲಸಗಾರರ ನಡುವೆಯೇ ನುಗ್ಗಿಬಂದ.

"ಏನ್ರೀ ಟೈಲರಮ್ಮಾ! ನಿಮ್ಮ ಮಗಳದು ಸಿನಿಮಾ ಅಂತೆ! ಹೇಳ್ಲೇ ಇಲ್ಲ!"

ಏಣಿಯ ಮೇಲಿದ್ದವನು ತಿರುಗಿ ನೋಡಿದ. ಟೈಲರಮ್ಮನಿಗೆ ಜೀವ ಬಾಯಿಗೆ ಬಂತು. ಬಾಯಲ್ಲಿ ಸೂಜಿಗಳಿದ್ದವು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

"ಅಜ್ಜಿನೇ ಸಾಕಿದ್ದಲ್ವಾ," ಎಂದಳು ಮೊಮ್ಮಗಳು, ಏಣಿಯ ಕಡೆ ನೋಡಿ ನಗುತ್ತ. "ಅದಕ್ಕೇ ಈ ಬೀದೀಲಿ ಎಲ್ಲರೂ ಮಗಳು ಅಂತಲೇ ಅನ್ನೋದು."

"ಏನಂದೆ?" ಎಂದು ಮುದುಕ ಕೂಗಿದ.

"ಗುಂಡಿ ಚೆನ್ನಾಗಿದೆ ಅಂದೆ ತಾತಾ!"

ಏಣಿಯವನು "ಅಯ್ಯೋ ಪಾಪ" ಎಂದು ಮತ್ತೆ ಗೋಡೆ ಉಜ್ಜತೊಡಗಿದ. ಟೈಲರಮ್ಮ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಬಕೆಟ್ಟಿನ ಮೇಲೆ ಕೂತಳು. ತಾನು ಯಾವ ಕಳ್ಳತನ ಮಾಡಿದ್ದೇನೆ ಎಂದು ಕೇಳಿಕೊಂಡಳು. ಬದುಕಿರುವುದೊಂದನ್ನು ಬಿಟ್ಟರೆ ಏನೂ ಹೊಳೆಯಲಿಲ್ಲ.

ಆಮೇಲೆ ನಟಿ ಬಂದಳು. ಸತ್ತ ಅಮ್ಮನ ಪಾತ್ರ ಮಾಡುವವಳು, ಸಣಕಲು ಹೆಂಗಸು, ದೊಡ್ಡ ಕಣ್ಣು. ಯಂತ್ರ ತುಳಿಯುವುದನ್ನು ಕಲಿಯಬೇಕು ಎಂದು ದಿನಾ ಬೆಳಿಗ್ಗೆ ಬಂದು ಟೈಲರಮ್ಮನ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು. ಟೈಲರಮ್ಮನಿಗೆ ಅವಳು ಬೇಡ ಬೇಡವೆಂದರೂ ಹಿಡಿಸಿದಳು. ಬಾಬಿನ್ ಸಿಕ್ಕಿಸಲು ಬಾರದಿದ್ದರೆ ನಾಚಿಕೆಪಡದೆ ಇನ್ನೊಮ್ಮೆ ತೋರಿಸಿ ಎನ್ನುತ್ತಿದ್ದಳು, ಮಾಡಿಕೊಟ್ಟ ಚಹಾವನ್ನು ಕೊನೆಯ ಗುಟುಕಿನವರೆಗೂ ಕುಡಿಯುತ್ತಿದ್ದಳು.

"ದೊಡ್ಡಮ್ಮ, ನಿಮ್ಮ ತಂಗಿ ಹೇಗೆ ಕೂರ್ತಾ ಇದ್ರು?"

"ಹೀಗೇ. ನನ್ನ ಹಾಗೇ." ತಕ್ಷಣ ಸೇರಿಸಿದಳು, "ನಾವಿಬ್ರೂ ಒಂದೇ ಅಚ್ಚು."

"ಕೋಪ ಜಾಸ್ತಿನಾ ಅವರಿಗೆ?"

"ಕೋಪ ಏನಿಲ್ಲ. ಬಾಯಿ ಸ್ವಲ್ಪ ಜೋರು."

"ಹೌದಾ? ನಂಗೆ ಕೊಟ್ಟಿರೋ ಮಾತೆಲ್ಲ ತುಂಬ ಮೆತ್ತಗಿದೆ. ಮಗಳನ್ನ 'ನನ್ನ ಪುಟ್ಟ ರಾಜಕುಮಾರಿ' ಅಂತ ಕರೀತಾರೆ."

ಟೈಲರಮ್ಮ ಫಕ್ಕನೆ ನಕ್ಕಳು. "ರಾಜಕುಮಾರಿನಾ! ಮೂಗು ಒರೆಸಿಕೊಳ್ಳೋಕೆ ಬರ್ತಿರ್ಲಿಲ್ಲ ಅವಳಿಗೆ. ಚಿಂದಿ ಅಂತ ಕರೀತಿದ್ದಿದ್ದು. ಒಂದ್ಸಲ ಯಾರದೋ ಮದುವೆ ಬಟ್ಟೆನ ಕತ್ತರಿಸಿ ಬೊಂಬೆಗೆ ಹಾಕಿದ್ಳು, ಟೇಪು ತಗೊಂಡು ಕಾಲಿಗೆ ಬಾರಿಸಿದ್ದೆ ನೋಡು…"

ಯಂತ್ರ ನಿಂತಿತು.

"ಯಾರು ಬಾರಿಸಿದ್ದು?" ಎಂದಳು ನಟಿ.

"ತಂಗಿ," ಎಂದಳು ಟೈಲರಮ್ಮ. "ನನ್ನ ತಂಗಿ. ನಾನು ಬಿಡಿಸಿದೆ."

ನಟಿ ಅವಳ ಮುಖವನ್ನೇ ನೋಡಿದಳು. ಆಮೇಲೆ ದಾರ ಪೋಣಿಸುವುದಕ್ಕೆ ಬಗ್ಗಿದಳು, ಏನೂ ಕೇಳಲಿಲ್ಲ. ಕೇಳದಿದ್ದುದಕ್ಕೇ ಟೈಲರಮ್ಮನಿಗೆ ಹೆಚ್ಚು ಹೆದರಿಕೆಯಾಯಿತು. ಅದರ ಜೊತೆ ಇನ್ನೊಂದು ಸಂಕಟವೂ ಶುರುವಾಯಿತು. ಸಿನಿಮಾದಲ್ಲಿ ಸಾಯುವ ಅಮ್ಮ ತನಗಿಂತ ಒಳ್ಳೆಯವಳು. ಬಾರಿಸುವುದಿಲ್ಲ, ಬೈಯುವುದಿಲ್ಲ, ಮಗಳ ದೊಡ್ಡ ದಿನಕ್ಕೆ ಲಂಗ ಹೊಲಿಯುತ್ತ ಕೂರುವುದಿಲ್ಲ. ಬದುಕಿ ಉಳಿದವಳಿಗೆ ಸತ್ತವಳ ಮೇಲೆ ಹೊಟ್ಟೆಕಿಚ್ಚು ಬಂತು.

ಇಷ್ಟೆಲ್ಲ ಎಚ್ಚರ ವಹಿಸಿದ ಮನೆಯವರು ಒಂದನ್ನು ಮರೆತಿದ್ದರು. ಅದು ಗೊತ್ತಾಗಿದ್ದು ನಿರ್ದೇಶಕ ಒಂದು ಮಧ್ಯಾಹ್ನ ಬಂದು ಕನ್ನಡಕ ಏರಿಸಿ ಕೂತಾಗ.

"ದೊಡ್ಡಮ್ಮ, ಸಣ್ಣ ಗೊಂದಲ. ನಿಮ್ಮ ತಂಗಿ ಮಗನ್ನ ಕೇಳಿದ್ರೆ, ಅಮ್ಮ ಹೃದಯ ನಿಂತು ಸತ್ರು ಅಂದ್ರು. ಅವರ ಹೆಂಡತಿ ಜ್ವರ ಅಂದ್ರು. ಡಿಸೈನರ್ ಮೇಡಂ ಕೇಳಿದ್ರೆ ಕಣ್ಣಲ್ಲಿ ನೀರು ಹಾಕ್ತಾರೆ, ಹೇಳೋದಿಲ್ಲ. ಅವರು ತೀರ್ಕೊಂಡಿದ್ದು ಹೇಗೆ?"

ಮಗ ಕತ್ತರಿ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದ. ಅಡುಗೆಮನೆಯಲ್ಲಿ ಸೊಸೆಯ ಪಾತ್ರೆಗಳ ಸದ್ದು ನಿಂತಿತು. ಅಮ್ಮ ಸತ್ತಿದ್ದಾಳೆ ಎಂದು ಊರಿಗೆಲ್ಲ ಹೇಳಿದವರು, ಹೇಗೆ ಸತ್ತಳು ಎಂದು ತಮ್ಮತಮ್ಮಲ್ಲಿ ಮಾತಾಡಿಕೊಂಡಿರಲೇ ಇಲ್ಲ.

"ಎರಡೂ ನಿಜ," ಎಂದಳು ಟೈಲರಮ್ಮ. ತನ್ನ ದನಿ ತನಗೇ ದೂರದಿಂದ ಕೇಳಿದಂತಾಯಿತು. "ಜ್ವರ ಬಂತು. ಎದೆಗೇರ್ತು. ಹೃದಯ ನಿಂತ್ಹೋಯ್ತು."

"ಎಲ್ಲಿ?"

ಅವಳು ಗೋಡೆ ಪಕ್ಕದ ಕಬ್ಬಿಣದ ಮಂಚ ತೋರಿಸಿದಳು. ಅವಳು ದಿನಾ ಮಲಗುವ ಮಂಚ. ಆ ಕೋಣೆಯಲ್ಲಿ ತೋರಿಸುವುದಕ್ಕೆ ಬೇರೆ ಯಾವುದೂ ಇರಲಿಲ್ಲ.

"ಮಗಳು ಹತ್ರ ಇದ್ಳಾ?"

"ಇದ್ಳು. ಕೈ ಹಿಡ್ಕೊಂಡು ಕೂತಿದ್ಳು. ಹೋಗ್ಬೇಡ ಅಮ್ಮ ಅಂತ ಅತ್ಲು. ಎಲ್ಲರ ಮುಂದೇನೂ ಅತ್ಲು, ನಾಚಿಕೆ ಇಲ್ದೆ."

ನಿರ್ದೇಶಕ ತಲೆದೂಗಿ ಎಲ್ಲವನ್ನೂ ಬರೆದುಕೊಂಡ. ಅವನು ಹೋದ ಮೇಲೆ ಟೈಲರಮ್ಮ ಬಹಳ ಹೊತ್ತು ಆ ಮಂಚದ ಕಡೆ ತಿರುಗಲಿಲ್ಲ. ತಾನು ಹೇಳಿದ್ದು ಸುಳ್ಳಲ್ಲ, ತನ್ನ ಆಸೆ, ಎಂದು ಅವಳಿಗೆ ಆಗಷ್ಟೇ ಹೊಳೆಯಿತು. ಸಂಜೆ ಮಗಳಿಗೆ ಫೋನು ಮಾಡಿದಳು.

"ಒಂದು ಮಾತು ಕೇಳ್ತೀನಿ. ನಾನು ನಿಜಕ್ಕೂ ಸತ್ರೆ ಬರ್ತೀಯಾ?"

"ಈಗ್ಯಾಕಮ್ಮ ಆ ಮಾತು? ಹುಷಾರಾಗಿಲ್ವಾ?"

"ಹುಷಾರಾಗೇ ಇದೀನಿ, ಕೇಳಿದ್ದಕ್ಕೆ ಹೇಳು. ಬರ್ತೀಯಾ?"

"ಬರ್ತೀನಿ. ಬರದೆ ಇರ್ತೀನಾ?"

"ಯಾರು ಸತ್ರು ಅಂತ ಹೇಳಿ ಬರ್ತೀಯಾ? ನಿನ್ನ ಹಿಂದೆ ಸದಾ ಹತ್ತು ಜನ ಇರ್ತಾರೆ. ಅವರಿಗೆ ಏನಂತೀಯಾ? ಅಷ್ಟೊತ್ತಿಗೆ ನಿಮ್ಮಮ್ಮ ಸಿನಿಮಾದಲ್ಲಿ ಸತ್ತಾಗಿರತ್ತೆ. ಊರೆಲ್ಲ ನೋಡಿ ಅತ್ತಾಗಿರತ್ತೆ. ಮತ್ತೆ ಯಾವ ಅಮ್ಮ ಸಾಯ್ತಾಳೆ?"

ಆ ಕಡೆಯಿಂದ ಸಣ್ಣ ದನಿಯಲ್ಲಿ ಉತ್ತರ ಬಂತು. "ದೊಡ್ಡಮ್ಮ ಅಂತ ಹೇಳ್ಬಹುದಲ್ಲ ಅಮ್ಮ."

ಟೈಲರಮ್ಮ ಫೋನನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡಿದಳು. ಮಗಳು ಅದನ್ನು ಮೊದಲೇ ಯೋಚಿಸಿ ಇಟ್ಟಿದ್ದಳು. ಅಂದರೆ ತಾನು ಸತ್ತ ದಿನ, ಈ ಮನೆಯಲ್ಲಿ ಮಗಳು ದೊಡ್ಡಮ್ಮನಿಗೆ ಅಳಬೇಕಾದಷ್ಟೇ ಅತ್ತು, ಕಣ್ಣೊರೆಸಿಕೊಂಡು, ಕಾರು ಹತ್ತಿ ಹೋಗುತ್ತಾಳೆ. ಅಂಥ ಭಯ ಟೈಲರಮ್ಮನಿಗೆ ಗಂಡ ಸತ್ತಾಗಲೂ ಆಗಿರಲಿಲ್ಲ.

"ಅವಳನ್ನ ಹೆದರಿಸ್ಬೇಡಿ ಅತ್ತೆ," ಎಂದಳು ಸೊಸೆ, ಬಟಾಣಿ ಬಿಡಿಸುತ್ತ. "ಇನ್ನು ಕೆಲವೇ ದಿನ. ಹಲ್ಲು ಕಚ್ಚಿಕೊಂಡಿರಿ."

"ನಾನು ಹೆದರಿಸ್ತಿದೀನಾ? ನಂಗೆ ಹೆದರಿಕೆ ಆಗ್ತಿದೆ ಕಣೇ."

"ಯಾಕೆ? ಯಾರಿಗೂ ಗೊತ್ತಾಗಲ್ಲ ಬಿಡಿ."

"ಅದಕ್ಕೇ," ಎಂದಳು ಟೈಲರಮ್ಮ. ಸೊಸೆಗೆ ಅರ್ಥವಾಗಲಿಲ್ಲ.

ಮರುದಿನ ಸಿನಿಮಾದವರು ಯಾರೂ ಬಂದಿರಲಿಲ್ಲ. ಮನೆಯಲ್ಲಿದ್ದವರು ಅವರವರೇ. ಮಗ ಮೇಜಿನ ಮೇಲೆ ಬಗ್ಗಿ ಕಾಲರ್ ಕತ್ತರಿಸುತ್ತ, ತಲೆಯೆತ್ತದೆ ಕೈ ಚಾಚಿದ. "ದೊಡ್ಡಮ್ಮ, ಆ ನೀಲಿ ದಾರ ಕೊಡು."

ಹೇಳಿದ್ದು ಅವನಿಗೇ ಗೊತ್ತಾಗಲಿಲ್ಲ. ಟೈಲರಮ್ಮ ದಾರ ಕೊಟ್ಟಳು. ಬೈಯಬೇಕೆಂದು ಬಾಯಿ ತೆರೆದಳು, ಅದಕ್ಕೆ ಮತ್ತೆ ಸೂಜಿ ತುಂಬಿಕೊಂಡಳು.

ಸಾವಿನ ದೃಶ್ಯ ತೆಗೆಯುವ ದಿನ ಬೀದಿಯ ತುಂಬ ವ್ಯಾನು, ತಂತಿ, ದೀಪ. ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಹೆಸರು ಬಂದ ಮೇಲೆ ಮೊದಲ ಸಲ ಮುಂಬಾಗಿಲಿನಿಂದ ಚಿಂದಿ ಬಂದಳು. ಹಿಂದೆ ಕ್ಯಾಮೆರಾ ಹಿಡಿದವರು, ಛತ್ರಿ ಹಿಡಿದವಳು, ನೀರಿನ ಬಾಟಲಿ ಹಿಡಿದವಳು. ಮಗಳು ಸೊರಗಿದ್ದಾಳೆ, ಊಟ ಸರಿಯಾಗಿ ಮಾಡುವುದಿಲ್ಲ ಎಂದು ಟೈಲರಮ್ಮನಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಕೈಗಳು ತಾವಾಗಿ ಮೇಲೆದ್ದವು.

"ದೊಡ್ಡಮ್ಮ, ಚೆನ್ನಾಗಿದೀರಾ?" ಎಂದಳು ಚಿಂದಿ.

ಹುಟ್ಟಿದ ಮೇಲೆ ಮಗಳು ತನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಟೈಲರಮ್ಮ ಕೈಗಳನ್ನು ಕೆಳಗಿಳಿಸಿದಳು. "ಚೆನ್ನಾಗಿದೀನಿ. ನೀವು?" ಎಂದಳು. ಮಗಳ ಮುಖ ಬಿಳಿಚಿತು, ಆದರೆ ಸುತ್ತ ಇದ್ದವರು ನೋಡುತ್ತಿದ್ದುದರಿಂದ ನಕ್ಕು ಪಕ್ಕಕ್ಕೆ ಸರಿದಳು.

"ದೊಡ್ಡಮ್ಮ," ಎಂದು ನಿರ್ದೇಶಕ ಬಂದು ಕೈ ಹಿಡಿದುಕೊಂಡ. "ನಂಗೊಂದು ಉಪಕಾರ ಮಾಡ್ಬೇಕು. ತಂಗಿ ಪಕ್ಕ ನೀವೇ ಕೂತ್ಕೊಳ್ಳಿ. ನಟನೆ ಏನೂ ಬೇಡ. ಏನಾದ್ರೂ ಹೇಳ್ಬೇಕು ಅನ್ಸಿದ್ರೆ ಹೇಳಿ, ಇಲ್ದಿದ್ರೆ ಸುಮ್ನೆ ಕೂತಿರಿ."

ಬೇಡ ಎನ್ನಲು ಮಗ ಮುಂದೆ ಬಂದ. ಆದರೆ ಯಾವ ಕಾರಣ ಹೇಳುವುದೆಂದು ತಿಳಿಯದೆ ಅಲ್ಲೇ ನಿಂತ.

ಮಂಚದ ಮೇಲೆ ನಟಿ ಮಲಗಿದ್ದಳು. ಕುತ್ತಿಗೆಯವರೆಗೆ ಬಿಳಿ ಹೊದಿಕೆ. ಅಕ್ಕತಂಗಿ ಒಂದೇ ಅಚ್ಚು ಎಂದು ಕೇಳಿದ್ದ ಬಣ್ಣ ಹಚ್ಚುವವರು ಟೈಲರಮ್ಮನನ್ನೇ ನೋಡಿ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದರು. ಬೈತಲೆ ಟೈಲರಮ್ಮನ ಹಾಗೇ ಬಲಕ್ಕೆ, ಗಲ್ಲದ ಮೇಲಿನ ಮಚ್ಚೆ ಅವಳದೇ, ತುಟಿಗಳು ಮಾತ್ರ ನೀಲಿ. ಈ ಕಡೆ ಚಿಕ್ಕ ಚಿಂದಿಯ ವೇಷದ ಹುಡುಗಿ ಅಳುವುದಕ್ಕೆ ಸಿದ್ಧವಾಗಿ ಕೂತಿತ್ತು. ಆ ಕಡೆಯ ಸ್ಟೂಲಿನ ಮೇಲೆ ಟೈಲರಮ್ಮ ಕೂತಳು, ಸತ್ತ ತನ್ನನ್ನು ತಾನೇ ನೋಡಿದಳು. ಇದು ಸಿನಿಮಾ ಎಂದು ಮನಸ್ಸು ಹೇಳುತ್ತಿತ್ತು, ಮೈ ನಂಬುತ್ತಿರಲಿಲ್ಲ.

ದೀಪಗಳು ಹತ್ತಿದವು. ಎಲ್ಲರೂ ಸುಮ್ಮನಾದರು. ಹುಡುಗಿ "ಅಮ್ಮಾ" ಎಂದು ಅಳತೊಡಗಿತು, ಎಷ್ಟು ನಿಜವಾಗಿ ಎಂದರೆ ಟೈಲರಮ್ಮನಿಗೆ ತಡೆಯಲಾಗಲಿಲ್ಲ.

"ಅಳ್ಬೇಡ," ಎಂದಳು. "ಇವಳು ನಿಮ್ಮಮ್ಮ ಅಲ್ಲ. ನಿಮ್ಮಮ್ಮ ನಾನು. ನಾನು ಸತ್ತಿಲ್ಲ. ಎಲ್ಲರೂ ಕೇಳಿಸ್ಕೊಳ್ಳಿ, ಇವಳ ಅಮ್ಮ ನಾನು. ಇಲ್ಲೇ ಕೂತಿದೀನಿ. ಎಲ್ಲೂ ಹೋಗಿಲ್ಲ."

ಹೇಳಿ ಮುಗಿಸಿ ಕಣ್ಣು ಮುಚ್ಚಿಕೊಂಡಳು. ಆಯಿತು, ಮಗಳು ಮುಗಿದಳು, ನಾನು ಮುಗಿಸಿದೆ ಎಂದುಕೊಂಡಳು.

"ಕಟ್!"

ಕೋಣೆ ತುಂಬ ಚಪ್ಪಾಳೆ. ಕಣ್ಣು ಬಿಟ್ಟರೆ ದೀಪ ಹಿಡಿದ ಹುಡುಗ ತೋಳಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ. ನಿರ್ದೇಶಕ ಓಡಿಬಂದು ಅವಳ ಎರಡೂ ಕೈ ಹಿಡಿದ. "ಏನು ಹೇಳಿದ್ರಿ ದೊಡ್ಡಮ್ಮ! ತಂಗಿ ಸತ್ತ ಕೂಡ್ಲೇ ಅಕ್ಕ ತಾಯಿ ಆಗಿಬಿಡ್ತಾಳೆ! ಇದನ್ನ ಯಾವನಿಗೆ ಬರೆಯೋಕಾಗತ್ತೆ?" ಚಿಂದಿಯ ಕಡೆ ತಿರುಗಿದ. "ಮೇಡಂ, ಅವತ್ತೂ ಇವರು ಹೀಗೇ ಅಂದಿದ್ರಾ?"

ಎಲ್ಲರೂ ಚಿಂದಿಯನ್ನು ನೋಡಿದರು. ಟೈಲರಮ್ಮನೂ ನೋಡಿದಳು.

"ಹೂಂ," ಎಂದಳು ಚಿಂದಿ. "ದೊಡ್ಡಮ್ಮ ಅವತ್ತೂ ಹೀಗೇ ಅಂದ್ರು."

"ಇನ್ನೊಂದ್ಸಲ ತೆಗೆಯೋಣ! ಇದೇ ಮಾತು ದೊಡ್ಡಮ್ಮ, ಸ್ವಲ್ಪ ನಿಧಾನವಾಗಿ."

ಇಷ್ಟು ವಾರ ಟೈಲರಮ್ಮ ಯಾರಾದರೂ ಗುರುತು ಹಿಡಿದುಬಿಡುತ್ತಾರೆ ಎಂದು ಹೆದರಿದ್ದಳು. ಈಗ ಅಷ್ಟೂ ಜನರ ಮುಂದೆ, ಅಷ್ಟು ದೀಪದ ಬೆಳಕಿನಲ್ಲಿ ತಾನೇ ಬಾಯಿಬಿಟ್ಟು ಹೇಳಿದರೂ ಯಾರೂ ಗುರುತು ಹಿಡಿಯಲಿಲ್ಲ. ಇನ್ನೊಂದು ಸಲ ಹೇಳಿದರೆ ಇನ್ನೂ ಚೆನ್ನಾಗಿ ಬರುತ್ತದೆ. ಆಮೇಲೆ ಇನ್ನೂ ಒಂದು ಸಲ. ಹೇಳಿ ಹೇಳಿ ಕೊನೆಗೆ ಅದು ಬರೀ ಸಿನಿಮಾದ ಮಾತಾಗಿಬಿಡುತ್ತದೆ, ತಾನು ಸತ್ತೇ ಹೋಗುತ್ತೇನೆ ಎಂದು ಅವಳಿಗೆ ನಿಚ್ಚಳವಾಗಿ ಕಂಡಿತು.

ಮತ್ತೆ ದೀಪ ಹತ್ತಿತು. ಹುಡುಗಿ ಅಳತೊಡಗಿತು. ಟೈಲರಮ್ಮ ಎದ್ದು ನಿಂತು ನಟಿಯ ಮೇಲಿದ್ದ ಹೊದಿಕೆಯನ್ನು ಎಳೆದಳು.

"ಏಳಮ್ಮ ಮೇಲೆ. ಅದು ನಾನು ಮಲಗೋ ಜಾಗ."

ನಟಿ ಕಣ್ಣು ಬಿಟ್ಟಳು. ಒಂದು ಕ್ಷಣ ಮುದುಕಿಯನ್ನು ನೋಡಿ, ಏನೂ ಕೇಳದೆ, ಎದ್ದು ಗೋಡೆಯ ಪಕ್ಕ ನಿಂತಳು. ಅಳುತ್ತಿದ್ದ ಹುಡುಗಿ ಅಳು ಮರೆತು ಬಾಯಿ ತೆರೆದುಕೊಂಡು ಕೂತಿತು. ಟೈಲರಮ್ಮ ಚಪ್ಪಲಿ ಬಿಟ್ಟು ಮಂಚ ಹತ್ತಿ ಮಲಗಿದಳು, ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಕೈಗಳನ್ನು ಎದೆಯ ಮೇಲಿಟ್ಟುಕೊಂಡಳು.

"ಬಾರೇ ಚಿಂದಿ," ಎಂದಳು, ಚಾವಣಿ ನೋಡುತ್ತ. "ಆಮೇಲೆ ಬರೋಕೆ ನಿಂಗೆ ಆಗಲ್ಲ. ಈಗಲೇ ಅತ್ತುಬಿಡು."

ಕಣ್ಣು ಮುಚ್ಚಿದಳು. ಉಸಿರನ್ನೂ ಹಿಡಿದಳು.

ಯಾರೋ ಏನೋ ಬೀಳಿಸಿದರು. ಜನರನ್ನು ತಳ್ಳಿಕೊಂಡು ಬರುವ ಹೆಜ್ಜೆಯ ಸದ್ದು, ತಂತಿಗೆ ಕಾಲು ಸಿಕ್ಕಿ ಮುಗ್ಗರಿಸಿದ ಸದ್ದು. ಎರಡು ಕೈಗಳು ಬಂದು ಅವಳ ಭುಜ ಹಿಡಿದು ಅಲ್ಲಾಡಿಸಿದವು.

"ಏನೇ ಇದು ನಿನ್ನ ಆಟ! ಕಣ್ಣು ಬಿಡು! ಅಮ್ಮಾ! ಏಳು ಮೇಲೆ, ಎಲ್ಲರೂ ನೋಡ್ತಾ ಇದಾರೆ!"

ಕ್ಯಾಮೆರಾ ನಿಲ್ಲಿಸಲು ಯಾರಿಗೂ ತೋಚಿರಲಿಲ್ಲ.

"ನೋಡ್ಲಿ ಬಿಡು," ಎಂದಳು ಟೈಲರಮ್ಮ, ಕಣ್ಣು ಬಿಡದೆ.